ವಾಪಸ್ ಬಂದ 3 ಲಕ್ಷ ಯೂರೊ

2014ರ ಮಾರ್ಚ್‌ನಲ್ಲಿ ರಷ್ಯಾದ ಮ್ಯಾರಥಾನ್ ಓಟಗಾರ್ತಿಯೊಬ್ಬರ ಗಂಡನ ಬ್ಯಾಂಕ್ ಖಾತೆಗೆ 3 ಲಕ್ಷ ಯೂರೊ ಜಮೆಯಾಯಿತು. ಆಗಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಕೋಟಿ ರೂಪಾಯಿ. ಕಳಿಸಿದ್ದು ಸಿಂಗಪುರದ ‘ಬ್ಲ್ಯಾಕ್ ಟೈಡಿಂಗ್ಸ್’ ಎಂಬ ಕಂಪನಿ. ಆ ಕಂಪನಿಯ ವಿಳಾಸ ಹುಡುಕಿಕೊಂಡು ಹೋದ ಪತ್ರಕರ್ತರಿಗೆ ಸಿಕ್ಕಿದ್ದು ಸರ್ಕಾರಿ ವಸತಿ ಸಮುಚ್ಚಯದ ಒಂದು ಹಳೆಯ ಫ್ಲ್ಯಾಟು. ಕ್ರೀಡೆಗೂ ಆ ಫ್ಲ್ಯಾಟಿಗೂ ಏನು ನಂಟು ಎಂದು ಕೇಳಿದವರಿಗೆ ಉತ್ತರ ಸಿಗುವಷ್ಟರಲ್ಲಿ ವಿಶ್ವ ಅಥ್ಲೆಟಿಕ್ಸ್ ಒಕ್ಕೂಟದ ಮಾಜಿ ಅಧ್ಯಕ್ಷರೇ ಪ್ಯಾರಿಸ್‌ನ ಪೊಲೀಸರ ವಶದಲ್ಲಿದ್ದರು.

ಆ 3 ಲಕ್ಷ ಯೂರೊ ಬಹುಮಾನದ ಹಣವಲ್ಲ, ಪ್ರಾಯೋಜಕರದ್ದೂ ಅಲ್ಲ. ಕೊಟ್ಟ ಲಂಚದಲ್ಲಿ ಒಂದಷ್ಟು ಹಿಂದಿರುಗಿ ಬಂದದ್ದು. ಕೆಲಸ ಆಗಲಿಲ್ಲವಲ್ಲ, ಅದಕ್ಕೆ.

ಓಟಗಾರ್ತಿಯ ಹೆಸರು ಲಿಲಿಯಾ ಶೊಬುಕೊವಾ. ಹುಟ್ಟಿದ್ದು 1977ರಲ್ಲಿ, ದಕ್ಷಿಣ ಉರಲ್ ಬೆಟ್ಟಗಳ ನಡುವಿನ ಬೆಲೊರೆಟ್ಸ್ಕ್‌ನಲ್ಲಿ. ಉಕ್ಕಿನ ಕಾರ್ಖಾನೆಯನ್ನೇ ನಂಬಿ ಬೆಳೆದ ಊರು ಅದು. ಸೋವಿಯತ್ ಒಕ್ಕೂಟ ಚೂರಾದಾಗ ಲಿಲಿಯಾ ಇನ್ನೂ ಹದಿಹರೆಯದ ಹುಡುಗಿ. ಟ್ರ್ಯಾಕ್ ಓಟದಲ್ಲಿ ಹೆಸರು ಬಂದದ್ದು ತಡವಾಗಿ, ಮೂವತ್ತರ ಹತ್ತಿರಕ್ಕೆ ಬಂದಾಗ. 2006ರ ಫೆಬ್ರುವರಿಯಲ್ಲಿ ಮಾಸ್ಕೊದ ಒಳಾಂಗಣದಲ್ಲಿ 3000 ಮೀಟರನ್ನು 8 ನಿಮಿಷ 27.86 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದರು. ಅದೇ ವರ್ಷದ ಬೇಸಿಗೆಯಲ್ಲಿ ಸ್ವೀಡನ್ನಿನ ಯೊಥೆಬೊರಿಯಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನ 5000 ಮೀಟರಿನಲ್ಲಿ ಬೆಳ್ಳಿ ಗೆದ್ದರು.

ಆ ಓಟದ ಪದಕ ವೇದಿಕೆಯನ್ನು ಒಂದು ಕ್ಷಣ ನೋಡಬೇಕು. ಚಿನ್ನ ಸ್ಪೇನ್‌ನ ಮಾರ್ತಾ ಡೊಮಿಂಗೆಸ್‌ಗೆ, ಬೆಳ್ಳಿ ಲಿಲಿಯಾಗೆ, ಕಂಚು ಟರ್ಕಿಯ ಪರ ಓಡುತ್ತಿದ್ದ ಎಲ್ವಾನ್ ಅಬೆಯ್‌ಲೆಗೆಸೆಗೆ. ಮುಂದೆ ಮೂವರೂ ಮದ್ದಿನ ಪ್ರಕರಣಗಳಲ್ಲಿ ನಿಷೇಧಕ್ಕೊಳಗಾದರು. ಡೊಮಿಂಗೆಸ್ 2009ರ ಸ್ಟೀಪಲ್‌ಚೇಸ್ ವಿಶ್ವ ಪ್ರಶಸ್ತಿಯನ್ನು ಕಳೆದುಕೊಂಡರು. ಅಬೆಯ್‌ಲೆಗೆಸೆ ಬೀಜಿಂಗ್ ಒಲಿಂಪಿಕ್ಸ್‌ನ ಎರಡು ಬೆಳ್ಳಿಗಳನ್ನು. ಆದರೆ ಮೂವರ ಶಿಕ್ಷೆಯ ಲೆಕ್ಕವೂ 2006ರಿಂದೀಚಿನದು. ಹಾಗಾಗಿ ಯೊಥೆಬೊರಿಯ ಆ ಫಲಿತಾಂಶ ಪಟ್ಟಿ ಮಾತ್ರ ಕೂದಲೂ ಕೊಂಕದೆ ಹಾಗೇ ಉಳಿದಿದೆ.

2008ರಲ್ಲಿ ಲಿಲಿಯಾ ಕಜಾನ್‌ನಲ್ಲಿ 5000 ಮೀಟರನ್ನು 14 ನಿಮಿಷ 23.75 ಸೆಕೆಂಡಿಗೆ ಮುಗಿಸಿದರು. ಯುರೋಪಿನ ಹೊಸ ದಾಖಲೆ. ಇಷ್ಟಾದರೂ ಟ್ರ್ಯಾಕಿನಲ್ಲಿ ಇಥಿಯೋಪಿಯಾ, ಕೆನ್ಯಾದವರನ್ನು ದಾಟುವುದು ಕಷ್ಟ, ದುಡ್ಡೂ ಕಡಿಮೆ. ದುಡ್ಡಿರುವುದು ರಸ್ತೆಯಲ್ಲಿ. 2009ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್ ಓಡಿ ಮೂರನೆಯವರಾದರು. ಮೊದಲ ಮ್ಯಾರಥಾನ್‌ಗೆ ಅದು ಸಣ್ಣ ಸಾಧನೆಯಲ್ಲ. ಅಲ್ಲಿಂದ ಮುಂದಿನದು ಏರುಮುಖವೇ: ಅದೇ ವರ್ಷದ ಅಕ್ಟೋಬರ್‌ನಲ್ಲಿ ಷಿಕಾಗೊ ಗೆಲುವು, 2010ರ ವಸಂತದಲ್ಲಿ 2 ಗಂಟೆ 22 ನಿಮಿಷಕ್ಕೆ ಲಂಡನ್ ಗೆಲುವು, ಆ ವರ್ಷ ಮತ್ತೆ ಷಿಕಾಗೊ, 2011ರಲ್ಲಿ ಲಂಡನ್‌ನಲ್ಲಿ ಎರಡನೇ ಸ್ಥಾನ, ಅಕ್ಟೋಬರ್‌ನಲ್ಲಿ ಮೂರನೇ ಸಲ ಷಿಕಾಗೊ. ಷಿಕಾಗೊದಲ್ಲಿ ಸತತ ಮೂರು ಬಾರಿ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಕೊನೆಯ ಆ ಓಟದ ಸಮಯ 2:18:20. ಆ ದಿನಕ್ಕೆ ಜಗತ್ತಿನಲ್ಲಿ ಅದಕ್ಕಿಂತ ವೇಗವಾಗಿ ಮ್ಯಾರಥಾನ್ ಓಡಿದ ಮಹಿಳೆ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಒಬ್ಬರೇ.

ಇದರ ಮೇಲೆ ವಿಶ್ವ ಮ್ಯಾರಥಾನ್ ಮೇಜರ್ಸ್ ಸರಣಿಯ ಕಿರೀಟ ಎರಡು ಸಲ, ಪ್ರತಿ ಸಲವೂ 5 ಲಕ್ಷ ಡಾಲರ್. ಓಟಗಳ ಬಹುಮಾನ, ಬಂದು ಓಡಿದ್ದಕ್ಕೇ ಕೊಡುವ ಹಣ, ಸಮಯಕ್ಕೆ ಸಿಗುವ ಬೋನಸ್ ಬೇರೆ. ಎರಡೂವರೆ ವರ್ಷದಲ್ಲಿ ಬೆಲೊರೆಟ್ಸ್ಕ್‌ನ ಹುಡುಗಿ ದೂರ ಓಟದ ಜಗತ್ತಿನ ಅತಿ ಹೆಚ್ಚು ಗಳಿಸುವವರ ಸಾಲಿಗೆ ಬಂದಿದ್ದರು. ಈ ಗಳಿಕೆಯ ಮಾತು ಇಲ್ಲಿ ಸುಮ್ಮನೆ ಹೇಳಿದ್ದಲ್ಲ. ಮುಂದಿನ ವಸೂಲಿ ನಡೆದದ್ದು ಇದನ್ನು ನೋಡಿಯೇ.

ಈಗ ರಕ್ತದ ಕಡೆ ಬರೋಣ.

ಮ್ಯಾರಥಾನ್ ಎಂದರೆ ಕೊನೆಗೂ ಆಮ್ಲಜನಕದ ಸಾಗಾಣಿಕೆ. 42.195 ಕಿಲೋಮೀಟರ್ ಉದ್ದಕ್ಕೂ ಶ್ವಾಸಕೋಶದಿಂದ ಕಾಲಿನ ಸ್ನಾಯುವಿಗೆ ಎಷ್ಟು ಆಮ್ಲಜನಕ ಮುಟ್ಟುತ್ತದೆ ಎಂಬುದರ ಮೇಲೆ ವೇಗ ನಿಂತಿದೆ. ಹೊತ್ತೊಯ್ಯುವುದು ಕೆಂಪು ರಕ್ತಕಣದೊಳಗಿನ ಹಿಮೊಗ್ಲೋಬಿನ್. ಅದನ್ನು ಹೆಚ್ಚಿಸುವ ನ್ಯಾಯವಾದ ದಾರಿ ಎತ್ತರದ ಪ್ರದೇಶದಲ್ಲಿ ವಾರಗಟ್ಟಲೆ ಇದ್ದು ತಾಲೀಮು ಮಾಡುವುದು. ಅಡ್ಡದಾರಿಗಳು ಎರಡು: ಒಂದು, ತನ್ನದೇ ರಕ್ತವನ್ನು ತೆಗೆದಿಟ್ಟು ಓಟದ ಮುಂಚೆ ಮತ್ತೆ ಏರಿಸಿಕೊಳ್ಳುವುದು. ಇನ್ನೊಂದು ಎರಿಥ್ರೊಪೊಯೆಟಿನ್, ಎಲ್ಲರ ಬಾಯಲ್ಲಿ ಇಪಿಒ.

ಇಪಿಒ ವಿಷವೇನಲ್ಲ. ನಮ್ಮ ಮೂತ್ರಪಿಂಡಗಳೇ ಉತ್ಪಾದಿಸುವ ಹಾರ್ಮೋನು. ಮೂಳೆಯ ಮಜ್ಜೆಗೆ ‘ಇನ್ನಷ್ಟು ಕೆಂಪು ಕಣ ಮಾಡು’ ಎಂದು ಹೇಳುವುದು ಅದರ ಕೆಲಸ. ಮೂತ್ರಪಿಂಡ ಕೆಟ್ಟವರಿಗೆ ಆ ಆಜ್ಞೆ ಹೋಗುವುದಿಲ್ಲ, ರಕ್ತಹೀನತೆ ಕಾಡುತ್ತದೆ. 1980ರ ದಶಕದಲ್ಲಿ ಅಮೆರಿಕದ ಆಮ್ಜೆನ್ ಕಂಪನಿಯ ವಿಜ್ಞಾನಿ ಫು-ಕುವೆನ್ ಲಿನ್ ಈ ಹಾರ್ಮೋನಿನ ಜೀನ್ ಅನ್ನು ಪ್ರತ್ಯೇಕಿಸಿದ ಮೇಲೆ ಪ್ರಯೋಗಾಲಯದಲ್ಲೇ ಅದನ್ನು ತಯಾರಿಸುವುದು ಸಾಧ್ಯವಾಯಿತು. 1989ರಲ್ಲಿ ಔಷಧವಾಗಿ ಮಾರುಕಟ್ಟೆಗೆ ಬಂತು. ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದರೆ ಈ ಇಂಜೆಕ್ಷನ್ನಿನ ಹೆಸರು, ಅದರ ಬೆಲೆ ಎರಡೂ ನಿಮಗೆ ಗೊತ್ತಿರುತ್ತದೆ. ಹಾಸಿಗೆ ಹಿಡಿದವರನ್ನು ಎಬ್ಬಿಸಿ ಓಡಾಡಿಸಿದ ಮದ್ದು ಅದು. ಓಡುತ್ತಿದ್ದವರನ್ನು ಇನ್ನಷ್ಟು ವೇಗವಾಗಿ ಓಡಿಸಬಹುದು ಎಂಬುದು ಸೈಕಲ್ ಸವಾರರಿಗೂ ದೂರ ಓಟಗಾರರಿಗೂ ಹೊಳೆಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಹಿಡಿಯುವುದು ಕಷ್ಟವಾಗಿತ್ತು. ಮೂತ್ರದಲ್ಲಿ ಇಪಿಒ ಹುಡುಕುವ ಪರೀಕ್ಷೆ ಒಲಿಂಪಿಕ್ಸ್‌ಗೆ ಬಂದದ್ದೇ 2000ದ ಸಿಡ್ನಿಯಲ್ಲಿ. ಬಂದ ಮೇಲೂ, ಸಣ್ಣ ಸಣ್ಣ ಪ್ರಮಾಣದಲ್ಲಿ ರಾತ್ರಿ ಹೊತ್ತು ಚುಚ್ಚಿಕೊಂಡರೆ ಬೆಳಿಗ್ಗೆಗೆ ಕುರುಹೇ ಇರುವುದಿಲ್ಲ ಎಂಬ ತಂತ್ರ ಹರಡಿತು. ಸ್ವಂತ ರಕ್ತ ಏರಿಸಿಕೊಂಡವರ ಮೂತ್ರದಲ್ಲಂತೂ ಹುಡುಕಬೇಕಾದ ಮದ್ದೇ ಇಲ್ಲ.

ಆಗ ಬಂದದ್ದು ಜೈವಿಕ ಪಾಸ್‌ಪೋರ್ಟ್. ಇದರ ಯೋಚನೆ ಸರಳ: ಕಳ್ಳನನ್ನು ಹುಡುಕಬೇಡ, ಕಳುವಾದದ್ದರ ಲೆಕ್ಕ ನೋಡು. ಓಟಗಾರರ ರಕ್ತವನ್ನು ವರ್ಷದುದ್ದಕ್ಕೂ, ಮುನ್ಸೂಚನೆ ಇಲ್ಲದೆ ತೆಗೆಯುತ್ತಾರೆ. ವಿಧಿವಿಧಾನ ಬಹಳ ಕಟ್ಟುನಿಟ್ಟು. ತಾಲೀಮು ಮುಗಿದ ತಕ್ಷಣ ತೆಗೆಯುವಂತಿಲ್ಲ, ಬೆವರಿಳಿದು ರಕ್ತ ಗಟ್ಟಿಯಾಗಿರುತ್ತದೆ. ಪಾದ ನೆಲಕ್ಕೂರಿ ಹತ್ತು ನಿಮಿಷ ಸುಮ್ಮನೆ ಕುರ್ಚಿಯಲ್ಲಿ ಕೂರಬೇಕು. ಮಲಗಿದರೂ ನಿಂತರೂ ಅಂಕಿ ಏರುಪೇರಾಗುತ್ತದೆ. ರಕ್ತದ ಟ್ಯೂಬು ತಣ್ಣನೆಯ ಪೆಟ್ಟಿಗೆಯಲ್ಲಿ, ಜೊತೆಗೊಂದು ತಾಪಮಾನ ದಾಖಲಿಸುವ ಯಂತ್ರದೊಂದಿಗೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಕಡತದ ಮೇಲೆ ಹೆಸರಿಲ್ಲ, ಸಂಕೇತ ಸಂಖ್ಯೆ ಮಾತ್ರ. ಕಂಪ್ಯೂಟರು ಆ ವ್ಯಕ್ತಿಯ ಹಿಂದಿನ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡು ಮುಂದಿನದು ಎಷ್ಟರಿಂದ ಎಷ್ಟರ ನಡುವೆ ಇರಬೇಕೆಂದು ಹೇಳುತ್ತದೆ. ಅದರಾಚೆ ಹೋದರೆ ಮೂವರು ತಜ್ಞರು ಕೂತು ನೋಡುತ್ತಾರೆ. ಪ್ರತಿ ತಿಂಗಳು ಸಾವಿರ ರೂಪಾಯಿ ಬರುವ ಮನೆಗೆ ಒಂದು ತಿಂಗಳು ಆರು ಸಾವಿರದ ಕರೆಂಟ್ ಬಿಲ್ ಬಂದರೆ, ಯಾವ ಯಂತ್ರ ಓಡಿಸಿದರೆಂದು ಗೊತ್ತಿಲ್ಲದಿದ್ದರೂ ಏನೋ ಓಡಿದೆ ಎಂಬುದಂತೂ ಗೊತ್ತಾಗುತ್ತದಲ್ಲ, ಹಾಗೆ.

ತಜ್ಞರು ಮುಖ್ಯವಾಗಿ ನೋಡುವ ಅಂಕಿ ಎರಡು. ಒಂದು ಹಿಮೊಗ್ಲೋಬಿನ್. ಇನ್ನೊಂದು ರೆಟಿಕ್ಯುಲೋಸೈಟ್, ಅಂದರೆ ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ರಕ್ತಕಣ. ಬಲಿತ ಕೆಂಪು ಕಣ ಸುಮಾರು 120 ದಿನ ಬದುಕಿದರೆ, ಎಳೆಯದು ಒಂದೆರಡು ದಿನದಲ್ಲೇ ಬಲಿಯುತ್ತದೆ. ಹೀಗಾಗಿ ರೆಟಿಕ್ಯುಲೋಸೈಟ್ ಎಣಿಕೆ ಎಂದರೆ ಮಜ್ಜೆ ಈ ವಾರ ಎಷ್ಟು ದುಡಿಯುತ್ತಿದೆ ಎಂಬ ಸುದ್ದಿ. ಇಪಿಒ ಚುಚ್ಚಿಕೊಳ್ಳುವ ದಿನಗಳಲ್ಲಿ ಎಳೆಯ ಕಣಗಳು ನುಗ್ಗುತ್ತವೆ. ಓಟ ಹತ್ತಿರ ಬಂತೆಂದು ನಿಲ್ಲಿಸಿದರೆ, ರಕ್ತದಲ್ಲಿ ಆಗಲೇ ಕಣಗಳು ತುಂಬಿರುವುದರಿಂದ ಮಜ್ಜೆ ಕೆಲಸ ನಿಲ್ಲಿಸಿ ಕೂರುತ್ತದೆ. ಹಿಮೊಗ್ಲೋಬಿನ್ ಮೇಲೆ, ರೆಟಿಕ್ಯುಲೋಸೈಟ್ ಕೆಳಗೆ. ಸಹಜವಾದ ದೇಹದಲ್ಲಿ ಇವೆರಡೂ ಹೀಗೆ ವಿರುದ್ಧ ದಿಕ್ಕಿಗೆ ಹೋಗುವುದು ತೀರಾ ಅಪರೂಪ.

ಇವೆರಡನ್ನೂ ಸೇರಿಸಿ ‘ಆಫ್ ಸ್ಕೋರ್’ ಎಂಬ ಒಂದು ಅಂಕಿ ಮಾಡಿದ್ದಾರೆ. ಒಂದು ಲೀಟರ್ ರಕ್ತದಲ್ಲಿರುವ ಹಿಮೊಗ್ಲೋಬಿನ್ನಿನ ಗ್ರಾಮ್ ಲೆಕ್ಕದಿಂದ, ರೆಟಿಕ್ಯುಲೋಸೈಟ್ ಶೇಕಡಾವಾರಿನ ವರ್ಗಮೂಲವನ್ನು 60ರಿಂದ ಗುಣಿಸಿ ಕಳೆಯಬೇಕು. ನೀವೇ ಮಾಡಿ ನೋಡಬಹುದು. ಹಿಮೊಗ್ಲೋಬಿನ್ 140, ಎಳೆಯ ಕಣ ಶೇ 1 ಇದ್ದರೆ ಉತ್ತರ 80. ಅದೇ ಮಹಿಳೆಗೆ ಹಿಮೊಗ್ಲೋಬಿನ್ 160ಕ್ಕೆ ಏರಿ, ಎಳೆಯ ಕಣ ಶೇ 0.2ಕ್ಕೆ ಇಳಿದರೆ 133. ಇದು ನಾನು ವಿವರಣೆಗಾಗಿ ಹಾಕಿದ ಲೆಕ್ಕ, ಲಿಲಿಯಾ ಅವರದ್ದಲ್ಲ. ಆದರೆ ಪಾಸ್‌ಪೋರ್ಟ್ ಓದುವ ತಜ್ಞರು ಇಂಥ ಜಿಗಿತವನ್ನು ಕಂಡರೆ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ.

ಲಿಲಿಯಾ ಅವರ ಕಡತ ತೆರೆದುಕೊಂಡದ್ದು 2009ರಲ್ಲಿ, ಅವರು ಮ್ಯಾರಥಾನ್‌ಗೆ ಬಂದ ವರ್ಷವೇ. ಷಿಕಾಗೊದ ಮೊದಲ ಗೆಲುವಿನ ದಿನ ಅಕ್ಟೋಬರ್ 11. ಅವರ ಫಲಿತಾಂಶಗಳನ್ನು ಮುಂದೊಂದು ದಿನ ರದ್ದು ಮಾಡಿದಾಗ ಹಿಡಿದ ಆರಂಭದ ತಾರೀಕು ಅಕ್ಟೋಬರ್ 9. ಅಂದರೆ ಗೆಲುವಿಗೆ ಎರಡು ದಿನ ಮುಂಚೆಯೇ ರಕ್ತ ಮಾತಾಡಿತ್ತು. 2011ರ ಕೊನೆಯ ಹೊತ್ತಿಗೆ, ಮೊನಾಕೊದಲ್ಲಿರುವ ವಿಶ್ವ ಅಥ್ಲೆಟಿಕ್ಸ್ ಒಕ್ಕೂಟದ ಮದ್ದು ನಿಗ್ರಹ ವಿಭಾಗದ ಬಳಿ ಅನುಮಾನಾಸ್ಪದ ರಕ್ತದ ರಷ್ಯನ್ನರ ಪಟ್ಟಿಯೇ ಇತ್ತು. ಲಿಲಿಯಾ ಅದರಲ್ಲಿದ್ದರು.

ವಿಜ್ಞಾನ ತನ್ನ ಕೆಲಸ ಮಾಡಿಯಾಗಿತ್ತು. ಮದ್ದಿನ ಕಥೆ ಬರೆಯುವವರೆಲ್ಲ ಸಾಮಾನ್ಯವಾಗಿ ಕಳ್ಳರು ಯಾವಾಗಲೂ ಪ್ರಯೋಗಾಲಯಕ್ಕಿಂತ ಒಂದು ಹೆಜ್ಜೆ ಮುಂದೆ ಎನ್ನುತ್ತಾರೆ. ಈ ಪ್ರಕರಣದಲ್ಲಿ ಅದು ಸುಳ್ಳು. ಇಲ್ಲಿ ಪ್ರಯೋಗಾಲಯವೇ ಮುಂದಿತ್ತು. ಸೋತದ್ದು ಪ್ರಯೋಗಾಲಯದ ವರದಿ ಯಾರ ಮೇಜಿನ ಮೇಲೆ ಬಿತ್ತೋ ಆ ಮೇಜು.

ಒಕ್ಕೂಟದ ಅಧ್ಯಕ್ಷ ಸೆನೆಗಲ್‌ನ ಲಮೀನ್ ಡಿಯಾಕ್ 1999ರಿಂದ ಆ ಕುರ್ಚಿಯಲ್ಲಿದ್ದವರು. 2011ರ ನವೆಂಬರ್‌ನಲ್ಲಿ ಅವರು ರಷ್ಯಾದ ಪಾಸ್‌ಪೋರ್ಟ್ ಪ್ರಕರಣಗಳನ್ನು ನೋಡಿಕೊಳ್ಳುವ ಕೆಲಸವನ್ನು ತಮ್ಮ ಸ್ವಂತ ಕಾನೂನು ಸಲಹೆಗಾರ ಹಬೀಬ್ ಸಿಸೆಗೆ ವಹಿಸಿದರು. ಪಟ್ಟಿ ಮಾಸ್ಕೊಗೆ ಹೋಯಿತು. ಅಲ್ಲಿ ಅದನ್ನು ಬಿಚ್ಚಿದವರಲ್ಲಿ ಇಬ್ಬರು ಮುಖ್ಯರು: ರಷ್ಯಾ ಅಥ್ಲೆಟಿಕ್ಸ್ ಒಕ್ಕೂಟದ ಅಧ್ಯಕ್ಷ, ವಿಶ್ವ ಒಕ್ಕೂಟದ ಖಜಾಂಚಿಯೂ ಆಗಿದ್ದ ವಲೆಂಟಿನ್ ಬಲಖ್ನಿಚೆವ್, ದೂರ ಓಟ ಮತ್ತು ನಡಿಗೆ ಸ್ಪರ್ಧಿಗಳ ಮುಖ್ಯ ಕೋಚ್ ಅಲೆಕ್ಸೆಯ್ ಮೆಲ್ನಿಕೊವ್. ಗುಟ್ಟಾಗಿರಬೇಕಿದ್ದ ಆರೋಗ್ಯ ದಾಖಲೆ ಅಲ್ಲಿಗೆ ವಸೂಲಿ ಪಟ್ಟಿಯಾಯಿತು.

ಲಿಲಿಯಾ ಮತ್ತವರ ಗಂಡನ ಮುಂದೆ ಇಟ್ಟ ಲೆಕ್ಕ ಹೀಗಿತ್ತು. ರಕ್ತದಲ್ಲಿ ತೊಂದರೆ ಇದೆ. 2012ರ ಬೇಸಿಗೆಯಲ್ಲಿ ಲಂಡನ್ ಒಲಿಂಪಿಕ್ಸ್. ಓಡಬೇಕೆಂದರೆ ಖರ್ಚಿದೆ. ಆ ವರ್ಷದ ಜನವರಿಯಿಂದ ಜುಲೈವರೆಗೆ ಮೂರು ಕಂತಿನಲ್ಲಿ ಒಟ್ಟು 4.5 ಲಕ್ಷ ಯೂರೊ ಕೊಟ್ಟರು. ಆಗಿನ ಸುಮಾರು ಮೂರು ಕೋಟಿ ರೂಪಾಯಿ.

ಹೀಗೆ ದುಡ್ಡು ಕೊಟ್ಟು ಉಳಿಸಿಕೊಂಡ ಒಲಿಂಪಿಕ್ ಓಟ ಏನಾಯಿತು? 2012ರ ಆಗಸ್ಟ್ 5ರಂದು ಲಂಡನ್‌ನ ಮಳೆಯಲ್ಲಿ ಇಥಿಯೋಪಿಯಾದ ಟಿಕಿ ಗೆಲಾನಾ 2:23:07ಕ್ಕೆ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ಲಿಲಿಯಾ ಓಟ ಮುಗಿಸಲೇ ಇಲ್ಲ. ದಾರಿಯಲ್ಲೇ ನಿಂತರು. ಎರಡು ತಿಂಗಳ ನಂತರ ತಮ್ಮದೇ ಅಂಗಳದಂತಿದ್ದ ಷಿಕಾಗೊದಲ್ಲಿ ನಾಲ್ಕನೆಯವರಾದರು.

ಕಡತ ಮುಚ್ಚಿಹೋಗಲೂ ಇಲ್ಲ. ರಷ್ಯಾದ ಪ್ರಕರಣಗಳು ಯಾಕೆ ಮುಂದೆ ಹೋಗುತ್ತಿಲ್ಲ ಎಂದು ವಿಶ್ವ ಒಕ್ಕೂಟದೊಳಗೇ ಕೆಲವರು ಕೇಳತೊಡಗಿದ್ದರು. ಅಂತೂ 2014ರ ಏಪ್ರಿಲ್‌ನಲ್ಲಿ ರಷ್ಯಾ ಒಕ್ಕೂಟ ಲಿಲಿಯಾಗೆ ಎರಡು ವರ್ಷದ ನಿಷೇಧ ಪ್ರಕಟಿಸಿತು. 2009ರ ಅಕ್ಟೋಬರ್ 9ರ ನಂತರದ ಎಲ್ಲ ಫಲಿತಾಂಶ ರದ್ದು. ಪ್ರಕಟಣೆಗೆ ಕೆಲವೇ ವಾರ ಮುಂಚೆ ಸಿಂಗಪುರದಿಂದ ಆ 3 ಲಕ್ಷ ಯೂರೊ ಬಂದಿತ್ತು. ಬ್ಲ್ಯಾಕ್ ಟೈಡಿಂಗ್ಸ್‌ನ ಮಾಲೀಕ ಟಾನ್ ಟೊಂಗ್ ಹಾನ್ ಎಂಬಾತ ಲಮೀನ್ ಡಿಯಾಕ್ ಅವರ ಮಗ, ಒಕ್ಕೂಟದ ಮಾರ್ಕೆಟಿಂಗ್ ಸಲಹೆಗಾರ ಪಾಪಾ ಮಸಾಟಾ ಡಿಯಾಕ್‌ಗೆ ಆಪ್ತ. (ಇದೇ ಕಂಪನಿಗೆ 2013ರಲ್ಲಿ ಟೋಕಿಯೊ ಒಲಿಂಪಿಕ್ಸ್ ಬಿಡ್ ಸಮಿತಿಯಿಂದ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಹೋಗಿತ್ತೆಂಬುದು ಆಮೇಲೆ ಬಯಲಾಗಿ, ಜಪಾನ್ ಒಲಿಂಪಿಕ್ ಸಮಿತಿಯ ಅಧ್ಯಕ್ಷರು 2019ರಲ್ಲಿ ಸ್ಥಾನ ಬಿಡಬೇಕಾಯಿತು. ಅದು ಇನ್ನೊಂದು ಪುರಾಣ.)

ಈ ಮರುಪಾವತಿಯೇ ಎಲ್ಲರನ್ನೂ ಮುಳುಗಿಸಿತು. ನಗದು ಕೈ ಬದಲಾದರೆ ಸಾಕ್ಷಿ ಇರುವುದಿಲ್ಲ. ಬ್ಯಾಂಕ್ ಮೂಲಕ ಬಂದ ಹಣಕ್ಕೆ ಕಳಿಸಿದವರ ಹೆಸರು, ತಾರೀಕು, ಮೊತ್ತ ಎಲ್ಲವೂ ಇರುತ್ತದೆ. ಅಷ್ಟರಲ್ಲಿ ಲಿಲಿಯಾ ಅವರ ಏಜೆಂಟ್ ಆಂಡ್ರೆಯ್ ಬರಾನೊವ್ ವಿಶ್ವ ಒಕ್ಕೂಟದ ನೈತಿಕ ಆಯೋಗಕ್ಕೆ ವಿಷಯ ಮುಟ್ಟಿಸಿದ್ದರು. 2014ರ ಡಿಸೆಂಬರ್ 3ರಂದು ಜರ್ಮನಿಯ ಎಆರ್‌ಡಿ ವಾಹಿನಿಯಲ್ಲಿ ಹಾಯೊ ಸೆಪೆಲ್ಟ್ ಅವರ ಸಾಕ್ಷ್ಯಚಿತ್ರ ಪ್ರಸಾರವಾಯಿತು. ರಷ್ಯಾದ ಮದ್ದಿನ ವ್ಯವಸ್ಥೆಯನ್ನು ಒಳಗಿನಿಂದ ಬಿಚ್ಚಿಟ್ಟ ವಿತಾಲಿ ಮತ್ತು ಯೂಲಿಯಾ ಸ್ಟೆಪಾನೊವ್ ದಂಪತಿ ಅದರಲ್ಲಿ ಮಾತಾಡಿದ್ದರು. ಲಿಲಿಯಾ ದಂಪತಿಯ 4.5 ಲಕ್ಷ ಯೂರೊಗಳ ಕಥೆಯೂ ಅದರಲ್ಲಿತ್ತು.

ಸ್ಟೆಪಾನೊವ್ ದಂಪತಿ ಮತ್ತು ಶೊಬುಕೊವ್ ದಂಪತಿಯನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ವಿತಾಲಿ ರಷ್ಯಾದ ಮದ್ದು ನಿಗ್ರಹ ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ವರ್ಷಗಟ್ಟಲೆ ವಿಶ್ವ ಮದ್ದು ನಿಗ್ರಹ ಸಂಸ್ಥೆ ‘ವಾಡಾ’ಗೆ ಪತ್ರ ಬರೆದವರು, ಕೊನೆಗೆ ಹೆಂಡತಿ ಮಗುವಿನೊಂದಿಗೆ ದೇಶ ಬಿಟ್ಟವರು. ಲಿಲಿಯಾ ಬಾಯಿ ಬಿಟ್ಟದ್ದು ಕೊಟ್ಟ ಹಣಕ್ಕೆ ಸರಕು ಸಿಗದಿದ್ದಾಗ. ಗಿರಾಕಿಯ ದೂರು ಅದು. ಆದರೂ ಒಂದು ಮಾತು ಒಪ್ಪಲೇಬೇಕು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್‌ನ ನೆತ್ತಿಯ ಮೇಲಿದ್ದವರನ್ನು ಕಟಕಟೆಗೆ ತಂದ ಕಾಗದ, ನ್ಯಾಯನಿಷ್ಠರು ಬರೆದ ಪತ್ರಗಳಿಗಿಂತ ಹೆಚ್ಚಾಗಿ, ಈ ಗಿರಾಕಿಯ ಬ್ಯಾಂಕ್ ರಸೀದಿ. ವಾಡಾ ಕೂಡ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಲಿಲಿಯಾ ಅವರ ನಿಷೇಧವನ್ನು ಮೊದಲು ಮೂರು ವರ್ಷ ಎರಡು ತಿಂಗಳಿಗೆ ಹೆಚ್ಚಿಸಲಾಗಿತ್ತು. ತನಿಖೆಗೆ ನೆರವಾದರೆಂದು ಏಳು ತಿಂಗಳು ಕಡಿತವಾಗಿ 2015ರ ಆಗಸ್ಟ್‌ಗೆ ಮುಗಿಯಿತು. ಆಗ ಅವರಿಗೆ 37 ವರ್ಷ. ಹಳೆಯ ಲಿಲಿಯಾ ಮತ್ತೆ ರಸ್ತೆಗೆ ಬರಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಲಮೀನ್ ಡಿಯಾಕ್ ಅವರ ಬಂಧನ, ರಷ್ಯಾ ಅಥ್ಲೆಟಿಕ್ಸ್ ಒಕ್ಕೂಟದ ಅಮಾನತು. ಆ ಅಮಾನತು ತೆರವಾದದ್ದು 2023ರಲ್ಲಿ. 2016ರ ಜನವರಿಯಲ್ಲಿ ನೈತಿಕ ಆಯೋಗ ಪಾಪಾ ಮಸಾಟಾ, ಬಲಖ್ನಿಚೆವ್, ಮೆಲ್ನಿಕೊವ್ ಮೂವರಿಗೂ ಆಜೀವ ನಿಷೇಧ ಹಾಕಿತು. ಆಯೋಗ ಅದನ್ನು ಬರೀ ಲಂಚ ಎನ್ನಲಿಲ್ಲ, ಬೆದರಿಸಿ ಕಿತ್ತುಕೊಂಡ ಹಣ ಎಂದೇ ಕಂಡಿತು. ಮದ್ದು ನಿಗ್ರಹ ವಿಭಾಗದ ಮುಖ್ಯಸ್ಥ ಗೇಬ್ರಿಯಲ್ ಡೊಲೆಗೆ ಐದು ವರ್ಷ. ಕಾವಲಿಗೆ ಇಟ್ಟವನೇ ಆತ! ಪ್ಯಾರಿಸ್ ನ್ಯಾಯಾಲಯದ ತೀರ್ಪು ಬಂದದ್ದು 2020ರ ಸೆಪ್ಟೆಂಬರ್ 16ಕ್ಕೆ. ಆಗ 87 ವರ್ಷದವರಾಗಿದ್ದ ಲಮೀನ್ ಡಿಯಾಕ್‌ಗೆ ನಾಲ್ಕು ವರ್ಷ ಸಜೆ, ಅದರಲ್ಲಿ ಎರಡು ವರ್ಷ ಅಮಾನತಿನಲ್ಲಿ, ಜೊತೆಗೆ 5 ಲಕ್ಷ ಯೂರೊ ದಂಡ. ಮಗನಿಗೆ ಐದು ವರ್ಷ, ಆದರೆ ಆತ ಸೆನೆಗಲ್‌ನಿಂದ ಕದಲಿರಲಿಲ್ಲ, ಆ ದೇಶ ಒಪ್ಪಿಸಲೂ ಇಲ್ಲ. ರಷ್ಯಾದ ಇಬ್ಬರೂ ಗೈರುಹಾಜರಿಯಲ್ಲೇ ಅಪರಾಧಿಗಳಾದರು. ಅಪ್ಪ 2021ರ ಡಿಸೆಂಬರ್‌ನಲ್ಲಿ ಡಾಕಾರ್‌ನಲ್ಲಿ ತೀರಿಕೊಂಡರು. ಜೈಲಿನ ಬಾಗಿಲು ಯಾರ ಮೇಲೂ ಸರಿಯಾಗಿ ಮುಚ್ಚಲಿಲ್ಲ ಎನ್ನಬಹುದು.

ಕನ್ನಡದ ಓದುಗರಿಗೆ ಮದ್ದು ಅಂದಕೂಡಲೇ ನೆನಪಾಗುವುದು ಅದೇ 2011. ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಮರುವರ್ಷವೇ, ರಿಲೇ ಸಂಗಾತಿಗಳ ಜೊತೆ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು ಎಂಬುದು ಅವರ ವಾದ. ಭಾರತದ ಮದ್ದು ನಿಗ್ರಹ ಸಂಸ್ಥೆ ‘ನಾಡಾ’ದ ಸಮಿತಿ ಕೊಟ್ಟ ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷ ಮಾಡಿತು. ಕೋಚ್ ಕೆಲಸ ಕಳೆದುಕೊಂಡರು, ಅಷ್ಟಕ್ಕೇ ಮುಗಿಯಿತು. ಎರಡು ಪ್ರಕರಣಗಳಿಗೂ ಹೋಲಿಕೆ ಕಡಿಮೆ. ಒಂದರಲ್ಲಿ ಒಂದು ಮಾತ್ರೆಯ ಪ್ರಶ್ನೆ, ಇನ್ನೊಂದರಲ್ಲಿ ವರ್ಷಗಳ ರಕ್ತ. ಆದರೆ ಓಡುವವರ ಸುತ್ತ ನಿಂತವರಿಗೆ ಏನಾಗುತ್ತದೆ ಎಂದು ನೋಡಿದರೆ ಲಿಲಿಯಾ ಪ್ರಕರಣ ಎಷ್ಟು ವಿರಳ ಎಂಬುದು ತಿಳಿಯುತ್ತದೆ.

ಇನ್ನು ನಷ್ಟವಾದವರು. 2010ರ ಲಂಡನ್ ಮ್ಯಾರಥಾನ್‌ನಲ್ಲಿ ಲಿಲಿಯಾ ಮೊದಲು, ಅವರದೇ ದೇಶದ ಇಂಗಾ ಅಬಿಟೊವಾ ಎರಡನೆಯವರು. ಅಬಿಟೊವಾ ಕೂಡ ಪಾಸ್‌ಪೋರ್ಟ್ ಪ್ರಕರಣದಲ್ಲಿ ನಿಷೇಧವಾದರು. ಮೂರನೆಯವರಾಗಿ ಬಂದಿದ್ದ ಇಥಿಯೋಪಿಯಾದ ಅಸೆಲೆಫೆಚ್ ಮೆರ್ಗಿಯಾ ಈಗ ದಾಖಲೆಯಲ್ಲಿ ಆ ಓಟದ ವಿಜೇತೆ. ಗುರಿ ಮುಟ್ಟಿದಾಗ ಅವರ ಎದೆಗೆ ತಾಗುವ ದಾರ ಇರಲಿಲ್ಲ, ಛಾಯಾಗ್ರಾಹಕರ ಕ್ಯಾಮೆರಾ ಬೇರೆ ಕಡೆ ಇತ್ತು. 2011ರ ಷಿಕಾಗೊ ಈಗ ಎಜೆಗಯೆಹು ಡಿಬಾಬಾ ಹೆಸರಿನಲ್ಲಿದೆ. ಅಂದು ಅವರು ಬಂದದ್ದು ಲಿಲಿಯಾಗಿಂತ ಸುಮಾರು ನಾಲ್ಕು ನಿಮಿಷ ತಡವಾಗಿ, 2:22:09ಕ್ಕೆ. ಟಿವಿಯಲ್ಲಿ ಅಂದು ನೋಡಿದ್ದು ಏಕಪಕ್ಷೀಯ ಓಟ.

ಇಂಥ ತಡವಾದ ಗೆಲುವುಗಳನ್ನು ಕೆನ್ಯಾದ ಎಡ್ನಾ ಕಿಪ್ಲಗಾಟ್ ಅವರಷ್ಟು ಕಂಡವರು ಬೇರೊಬ್ಬರಿರಲಾರರು. ಲಿಲಿಯಾ ಕಳೆದುಕೊಂಡ 2010-11ರ ಮೇಜರ್ಸ್ ಕಿರೀಟ ಎಡ್ನಾಗೆ ಬಂತು. 2013-14ರ ಕಿರೀಟವೂ ಹಾಗೇ ಬಂತು. ಆ ಸಲ ಮುಂದಿದ್ದ ರೀಟಾ ಜೆಪ್ಟೂ ಇಪಿಒ ಪ್ರಕರಣದಲ್ಲಿ ಸಿಕ್ಕಿದ್ದರು. 2021ರ ಬೋಸ್ಟನ್‌ನಲ್ಲಿ ಎಡ್ನಾ 41ನೇ ವಯಸ್ಸಿನಲ್ಲಿ ಎರಡನೆಯವರಾದರು, ಗೆದ್ದಿದ್ದ ಡಯಾನಾ ಕಿಪ್ಯೊಕೆಯ್ ಆಮೇಲೆ ಅನರ್ಹರಾದರು. ಎರಡು ಸಲ ವಿಶ್ವ ಚಾಂಪಿಯನ್ ಆದವರಿಗೆ ಈ ಗೆಲುವುಗಳು ಅಂಚೆಯಲ್ಲಿ ಬಂದವು ಎನ್ನಬೇಕು. ಈ ಗೊಂದಲ ನೋಡಿಯೇ ಮೇಜರ್ಸ್ ಸಂಘಟಕರು ಮುಂದೆ ದೊಡ್ಡ ಬಹುಮಾನವನ್ನು ಒಂದೇ ಗಂಟಿನಲ್ಲಿ ಕೊಡುವುದನ್ನು ಬಿಟ್ಟು ವರ್ಷ ವರ್ಷ ಕಂತು ಮಾಡಿದರು.

ಕೊಟ್ಟ ಹಣವನ್ನು ವಾಪಸ್ ಪಡೆಯುವುದು ಅಷ್ಟು ಸುಲಭವಲ್ಲ. ಲಂಡನ್ ಮ್ಯಾರಥಾನ್ ಸಂಘಟಕರು ಇಂಗ್ಲೆಂಡಿನ ಹೈಕೋರ್ಟಿಗೆ ಹೋದರು. 2016ರಲ್ಲಿ ನ್ಯಾಯಾಲಯ, ಲಿಲಿಯಾ 3,77,961 ಪೌಂಡ್ ಮರಳಿಸಬೇಕೆಂದು ಹೇಳಿತು. ಲಂಡನ್‌ನ ತೀರ್ಪನ್ನು ಉರಲ್ ಬೆಟ್ಟದ ಊರಿನಲ್ಲಿ ಜಾರಿ ಮಾಡಿಸಲು ರಷ್ಯಾದ ನ್ಯಾಯಾಲಯದ ಬಾಗಿಲನ್ನೂ ತಟ್ಟಬೇಕು. ಲಂಚ ತಿಂದವರು ಸಿಂಗಪುರದಿಂದ ಒಂದೇ ವರ್ಗಾವಣೆಯಲ್ಲಿ ಮೂರು ಲಕ್ಷ ಹಿಂದಿರುಗಿಸಿದ್ದನ್ನು ನೆನೆದರೆ, ಕಳ್ಳ ವ್ಯವಹಾರದ ಶಿಸ್ತು ಕೋರ್ಟಿನದಕ್ಕಿಂತ ಮೇಲು ಅನಿಸಿಬಿಡುತ್ತದೆ.

ಕೊನೆಯದಾಗಿ ಆ ತಾರೀಕಿನ ಮಾತು. 2009ರ ಅಕ್ಟೋಬರ್ 9ಕ್ಕೆ ಮುಂಚಿನ ಲಿಲಿಯಾ ಕಾನೂನಿನ ಕಣ್ಣಿಗೆ ನಿರ್ದೋಷಿ. ಒಳಾಂಗಣದ ವಿಶ್ವದಾಖಲೆ, ಯೊಥೆಬೊರಿಯ ಬೆಳ್ಳಿ, ಲಂಡನ್‌ನ ಮೊದಲ ಮೂರನೇ ಸ್ಥಾನ, ಯಾವುದನ್ನೂ ಯಾರೂ ಮುಟ್ಟಲಿಲ್ಲ. ಅನುಮಾನವಿದ್ದರೂ ಸಾಕ್ಷ್ಯವಿಲ್ಲದೆ ಮುಟ್ಟಬಾರದು, ಅದು ಸರಿಯೇ. ಇದೇ ನಿಯಮದ ಬಲದಿಂದ, 2024ರಲ್ಲಿ ಅದೇ ಷಿಕಾಗೊದಲ್ಲಿ 2:09:56ರ ವಿಶ್ವದಾಖಲೆ ಮಾಡಿದ ಕೆನ್ಯಾದ ರೂತ್ ಚೆಪ್‌ಂಗೆಟಿಚ್ 2025ರ ಅಕ್ಟೋಬರ್‌ನಲ್ಲಿ ಮೂರು ವರ್ಷ ನಿಷೇಧಕ್ಕೊಳಗಾದಾಗಲೂ ಆ ದಾಖಲೆ ರದ್ದಾಗಲಿಲ್ಲ. ಸಿಕ್ಕಿಬಿದ್ದ ಮಾದರಿ ತೆಗೆದದ್ದು ಷಿಕಾಗೊ ಓಟದ ಐದು ತಿಂಗಳ ನಂತರ, 2025ರ ಮಾರ್ಚ್‌ನಲ್ಲಿ. ಗೋಡೆ ಕಟ್ಟಿದಲ್ಲಿಂದ ಈಚೆಗೆ ಮಾತ್ರ ಮನೆ.

ಹೀಗಾಗಿ ಲಿಲಿಯಾ ಅವರ ಮ್ಯಾರಥಾನ್‌ಗಳೆಲ್ಲ ಅಳಿಸಿಹೋದ ಮೇಲೂ, ಕಜಾನ್‌ನಲ್ಲಿ ಓಡಿದ 14:23.75 ಯುರೋಪಿನ ಅಧಿಕೃತ ದಾಖಲೆಯಾಗಿಯೇ ಮುಂದುವರಿಯಿತು. 2018ರ ಜುಲೈನಲ್ಲಿ ಲಂಡನ್‌ನಲ್ಲಿ ಅದನ್ನು 14:22.34ಕ್ಕೆ ಇಳಿಸಿದವರು ನೆದರ್ಲೆಂಡ್ಸ್‌ನ ಸಿಫಾನ್ ಹಸನ್. ಆಗ ಅವರು ತಾಲೀಮು ಮಾಡುತ್ತಿದ್ದುದು ಅಮೆರಿಕದ ನೈಕಿ ಒರೆಗಾನ್ ಪ್ರಾಜೆಕ್ಟ್‌ನಲ್ಲಿ. ಅದರ ಮುಖ್ಯ ಕೋಚ್ ಆಲ್ಬರ್ಟೊ ಸಲಾಜಾರ್ ಮರುವರ್ಷ ಮದ್ದು ನಿಯಮಗಳ ಉಲ್ಲಂಘನೆಗಾಗಿ ನಾಲ್ಕು ವರ್ಷ ನಿಷೇಧಕ್ಕೊಳಗಾದರು. ಹಸನ್ ಮೇಲೆ ಯಾವ ಆರೋಪವೂ ಇರಲಿಲ್ಲ.